ಕಲೆಯಾ, ಗುಳಿಯಾ? ಮೊದಲು ಬೆರಳಿಟ್ಟು ನೋಡಿ

ಚರ್ಮದ ಮಾತು: ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮುಖದ ಗುಳಿಗೆ ಫಿಲ್ಲರ್ ಹಾಕಿಸಬಹುದಾ, ಎಷ್ಟು ಖರ್ಚಾಗುತ್ತದೆ, ಏನಾದರೂ ಅಪಾಯ ಇದೆಯಾ ಅಂತ. ಫಿಲ್ಲರ್ ಅಂದರೆ ತಗ್ಗು ತುಂಬಲು ಚರ್ಮದೊಳಗೆ ಚುಚ್ಚಿ ಹಾಕುವ ಜೆಲ್ಲಿನಂಥ ವಸ್ತು. ಹಾಗಾಗಿ ಕೂದಲು ಉದುರುವುದು, ಹಿಮ್ಮಡಿ ಒಡೆಯುವುದು ಎಲ್ಲವನ್ನೂ ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದನ್ನೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಪಿಯುಸಿಯಿಂದ ಮೊಡವೆ ಇತ್ತು. ಈಗ ಮೊಡವೆ ನಿಂತಿದೆ, ಆದರೆ ಎರಡೂ ಕೆನ್ನೆ ಹಳ್ಳ ಹಳ್ಳ, ಮೇಲೆ ಕಪ್ಪು ಕಲೆ. ಇನ್ನು ಏಳು ವಾರಕ್ಕೆ ಮದುವೆ. ಒಂದು ಕ್ಲಿನಿಕ್‌ನಲ್ಲಿ ನಾಲ್ಕು ಸಿರಿಂಜ್ ಫಿಲ್ಲರ್ ಬೇಕು, 1,10,000 ರೂಪಾಯಿ, ಇವತ್ತೇ ಕಟ್ಟಿದರೆ 90,000ಕ್ಕೆ ಮಾಡಿಕೊಡುತ್ತೇವೆ, ಕಂತು ಬೇಕಾದರೂ ಮಾಡಿಕೊಡುತ್ತೇವೆ ಅಂದರು. ಅಪ್ಪನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ? (ಹೆಸರು ಬೇಡ, ದಾವಣಗೆರೆ)

ಉತ್ತರ: ಇವತ್ತು ದುಡ್ಡು ಕಟ್ಟಬೇಡಿ. ಮೊದಲು ಇಷ್ಟು ಮಾಡಿ, ಉಳಿದದ್ದು ಆಮೇಲೆ.

ಕನ್ನಡದಲ್ಲಿ ನಾವು 'ಕಲೆ' ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಹೇಳುತ್ತೇವೆ. ಒಂದು ಬಣ್ಣ, ಇನ್ನೊಂದು ಹಳ್ಳ. ಕ್ಲಿನಿಕ್‌ಗೆ ಬಂದವರು "ಕಲೆ ಹೋಗಬೇಕು ಡಾಕ್ಟ್ರೇ" ಅಂತಾರೆ, ಒಳಗಿರುವವರು ತಮಗೆ ಬೇಕಾದ ಅರ್ಥ ಹಿಡಿದುಕೊಂಡು ರೇಟ್ ಹೇಳುತ್ತಾರೆ. ಕಪ್ಪು ಕಲೆಗೆ ಫಿಲ್ಲರ್‌ನಿಂದ ಎಳ್ಳಷ್ಟೂ ಪ್ರಯೋಜನ ಇಲ್ಲ. ಅದು ಮೊಡವೆಯ ಉರಿಗೆ ಚರ್ಮ ಬಿಟ್ಟುಹೋದ ಬಣ್ಣ. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಅದು ಜಾಸ್ತಿ. ಸನ್‌ಸ್ಕ್ರೀನ್, ಡಾಕ್ಟರು ಬರೆದುಕೊಟ್ಟ ಕ್ರೀಮು, ಒಂದಷ್ಟು ತಿಂಗಳ ತಾಳ್ಮೆ, ಇಷ್ಟರಿಂದಲೇ ಬಹಳ ಮಟ್ಟಿಗೆ ತಿಳಿಯಾಗುತ್ತದೆ.

ಹಾಗಾಗಿ ಮುಖ ತೊಳೆದು, ಒರೆಸಿ, ಕಣ್ಣು ಮುಚ್ಚಿ, ಕೆನ್ನೆಯ ಮೇಲೆ ಬೆರಳಿನ ತುದಿ ಆಡಿಸಿ. ಬೆರಳಿಗೆ ಸಿಗದೆ ಕನ್ನಡಿಗೆ ಮಾತ್ರ ಕಾಣುವುದು ಬಣ್ಣ. ಬೆರಳು ಇಳಿದು ಏರಿದರೆ ಅದು ಗುಳಿ. ಆಮೇಲೆ ಕಿಟಕಿಯ ಪಕ್ಕ ನಿಂತುಕೊಳ್ಳಿ, ಬೆಳಕು ಒಂದೇ ಕಡೆಯಿಂದ ಬೀಳಬೇಕು. ಗುಳಿಯ ಎರಡೂ ಬದಿಗೆ ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಎಳೆಯಿರಿ. ಎಳೆದಾಗ ಗುಳಿ ಮಾಯವಾಯಿತಾ? ಅಂಥ ಗುಳಿಗೆ ಫಿಲ್ಲರ್ ಕೆಲಸ ಮಾಡಬಹುದು. ಎಳೆದರೂ ಹಾಗೇ ಉಳಿಯಿತಾ? ಅದರ ಕೆಳಗೆ ಎಷ್ಟು ತುಂಬಿದರೂ ದುಡ್ಡು ದಂಡ.

ಗುಳಿಗಳಲ್ಲೂ ಜಾತಿ ಇವೆ. ದಬ್ಬಣ ಚುಚ್ಚಿದ ಹಾಗೆ ಸಣ್ಣ ಬಾಯಿ, ಆಳವಾದ ತೂತು ಒಂದು ಬಗೆ. ಸೀತಾಳೆ ಸಿಡುಬು ಬಂದು ಹೋದ ಮೇಲೆ ಉಳಿಯುತ್ತದಲ್ಲ, ಆ ರೀತಿ ಅಂಚು ಕಡಿದಾಗಿರುವ ಅಗಲವಾದ ಗುಳಿ ಇನ್ನೊಂದು ಬಗೆ. ಮೂರನೆಯದು, ಚರ್ಮವೆಲ್ಲಾ ಅಲೆ ಅಲೆಯಾಗಿ ಏರುತಗ್ಗಾಗಿರುವುದು. ಫಿಲ್ಲರ್ ಮುಖ್ಯವಾಗಿ ಈ ಮೂರನೆಯದಕ್ಕೆ. ಎರಡನೆಯದರಲ್ಲಿ ಮೆತ್ತಗಿರುವ, ಆಳ ಕಮ್ಮಿ ಇರುವ ಕೆಲವಕ್ಕೆ ಆಗಬಹುದು. ದಬ್ಬಣದ ತೂತಿಗೆ ಫಿಲ್ಲರ್ ಅಲ್ಲ. ಅದರ ಬಾಯೊಳಗೆ ಕಡ್ಡಿಯಿಂದ ಆಸಿಡ್ ಮುಟ್ಟಿಸುವ ಚಿಕಿತ್ಸೆ, ಇಲ್ಲವೇ ಪಂಚ್ ಅನ್ನುವ ಸಣ್ಣ ದುಂಡು ಬ್ಲೇಡಿನಿಂದ ತೆಗೆದು ಹೊಲಿಯುವುದು ಬೇರೆ ಇದೆ. ಬಹಳ ಜನರ ಮುಖದಲ್ಲಿ ಮೂರೂ ಬೆರೆತಿರುತ್ತವೆ. ಅದಕ್ಕೇ "ನಾಲ್ಕು ಸಿರಿಂಜ್" ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ನನಗೆ ಅನುಮಾನ ಬರುತ್ತದೆ.

ಹತ್ತಿ ಹಾಸಿಗೆ ನೋಡಿರುತ್ತೀರಿ. ಹತ್ತಿ ಜರುಗದಿರಲಿ ಅಂತ ಅಲ್ಲಲ್ಲಿ ದಾರ ಹಾಕಿ ಬಿಗಿದು ಗಂಟು ಹಾಕಿರುತ್ತಾರೆ, ಆ ಜಾಗ ತಗ್ಗಾಗಿರುತ್ತದೆ. ಮೊಡವೆ ಗುಳಿಯ ಕೆಳಗೂ ಎಷ್ಟೋ ಸಲ ಅಂಥದೇ ನಾರು ಚರ್ಮವನ್ನು ಒಳಕ್ಕೆ ಹಿಡಿದುಕೊಂಡಿರುತ್ತದೆ. ದಾರ ಬಿಚ್ಚದೆ ಹತ್ತಿ ತುರುಕಿದರೆ ಏನಾಗುತ್ತದೆ? ತಗ್ಗು ತಗ್ಗಾಗಿಯೇ ಉಳಿದು ಸುತ್ತಲಿನ ಜಾಗ ಉಬ್ಬುತ್ತದೆ. ಮುಖದಲ್ಲೂ ಅಷ್ಟೇ. ಮೊದಲು ಆ ನಾರನ್ನು ಕತ್ತರಿಸಬೇಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚರ್ಮದಡಿ ಸೂಜಿಯನ್ನೋ, ಕ್ಯಾನುಲಾ ಅನ್ನುವ ಮೊಂಡು ತುದಿಯ ಸಣ್ಣ ಕೊಳವೆಯನ್ನೋ ತೂರಿಸಿ ನಾರು ಬಿಡಿಸುವುದಕ್ಕೆ ಸಬ್‌ಸಿಷನ್ ಅಂತ ಹೆಸರು. 1995ರಿಂದ ಈ ಹೆಸರಿನಲ್ಲಿ ನಡೆದುಬಂದಿರುವ ಹಳೆಯ, ಸರಳವಾದ ವಿಧಾನ. ಇದಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ, ಲಕ್ಷ ಅಲ್ಲ. ಎಷ್ಟೋ ಜನರಿಗೆ ಎರಡು ಮೂರು ಸಲ ಇದನ್ನು ಮಾಡಿಸಿದ ಮೇಲೆ ಫಿಲ್ಲರ್ ಬೇಕಾಗುವುದೇ ಇಲ್ಲ, ಬೇಕಾದರೂ ಸ್ವಲ್ಪ ಸಾಕಾಗುತ್ತದೆ. ನಿಮ್ಮ ಕ್ಲಿನಿಕ್‌ನವರು ಈ ಮಾತು ಎತ್ತಿದರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು ಹಯಲುರಾನಿಕ್ ಆಸಿಡ್ ಅನ್ನುವ ಜೆಲ್. ಆಸಿಡ್ ಅಂದ ಕೂಡಲೇ ಹೆದರಬೇಡಿ, ಸುಡುವಂಥದ್ದಲ್ಲ. ನೀರು ಹಿಡಿದುಕೊಳ್ಳುವ ಒಂದು ವಸ್ತು, ನಮ್ಮ ಚರ್ಮದಲ್ಲೂ ಕೀಲಿನಲ್ಲೂ ಇರುವಂಥದ್ದೇ. ಒಂದು ಸಿರಿಂಜ್ ಅಂದರೆ 1 ಎಂಎಲ್. ಔಷಧಿ ಕುಡಿಯುವ ಸಣ್ಣ ಚಮಚದಲ್ಲಿ ಐದನೇ ಒಂದು ಭಾಗ, ಅಷ್ಟೇ. ಅದಕ್ಕೆ ಬ್ರ್ಯಾಂಡ್ ಮೇಲೆ, ಊರಿನ ಮೇಲೆ 15,000ದಿಂದ 40,000 ರೂಪಾಯಿವರೆಗೂ ತೆಗೆದುಕೊಳ್ಳುತ್ತಾರೆ. ಒಂದೊಂದು ಗುಳಿಗೆ ಹಿಡಿಯುವುದು ಹನಿಯಷ್ಟು, ಹಾಗಾಗಿ ಮೊಡವೆ ಗುಳಿಗೆ ಒಂದೇ ಸಲಕ್ಕೆ ನಾಲ್ಕು ಸಿರಿಂಜ್ ಅನ್ನುವುದು ನನಗೆ ಜಾಸ್ತಿ ಅನಿಸಿತು. ಇನ್ನೊಂದು ಮಾತು ಅವರು ಹೇಳಿರಲಿಕ್ಕಿಲ್ಲ. ಈ ಜೆಲ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಕರಗಿಹೋಗುತ್ತದೆ. ಸಿರಿಂಜಿಗೆ 25,000 ಅಂತಲೇ ಹಿಡಿಯಿರಿ, ಎರಡು ಸಿರಿಂಜು, ವರ್ಷಕ್ಕೊಂದು ಸಲ, ಐದು ವರ್ಷ. ಎರಡೂವರೆ ಲಕ್ಷ ಆಯಿತು. ಮೊದಲ ಕಂತು ನೋಡಿ ಒಪ್ಪಿಕೊಳ್ಳಬೇಡಿ, ಈ ಐದು ವರ್ಷದ ಲೆಕ್ಕ ನೋಡಿ.

ಮದುವೆಗೆ ಏಳು ವಾರ ಇದೆ ಅಂದಿರಿ. ಏನೇ ಮಾಡಿಸಿದರೂ ಮದುವೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಮುಗಿದಿರಬೇಕು, ಯಾಕಂದರೆ ಬಾವು, ನೀಲಿಗಟ್ಟಿದ ಗುರುತು ಇಳಿಯಲು ಒಂದೆರಡು ವಾರ ಬೇಕು, ಎಲ್ಲಾದರೂ ಗಂಟಾದರೆ ಸರಿಮಾಡಲೂ ಸಮಯ ಬೇಕು. ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದಿದ್ದರೆ ಈ ವಾರವೇ ಒಬ್ಬ ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಒಂದು ಸಲ ಸಬ್‌ಸಿಷನ್ ಮಾಡಿಸಿ, ಕಪ್ಪು ಕಲೆಗೆ ಕ್ರೀಮು ಶುರು ಮಾಡಿಸಿ, ಉಳಿದದ್ದನ್ನು ಮದುವೆಯ ಮೇಕಪ್‌ನವರಿಗೆ ಬಿಡುತ್ತಿದ್ದೆ. ಉಳಿದ ಚಿಕಿತ್ಸೆ ಮದುವೆಯಾದ ಮೇಲೂ ಆಗುತ್ತದೆ. ಮತ್ತೆ, ಅಪ್ಪನಿಗೆ ಹೇಳಿ. ಸಾಲ ಮಾಡಿ ಗುಟ್ಟಾಗಿ ಮಾಡಿಸಿಕೊಂಡ ಚಿಕಿತ್ಸೆಯಲ್ಲಿ ಏನಾದರೂ ಎಡವಟ್ಟಾದರೆ, ಆ ರಾತ್ರಿ ಮನೆಯವರಿಗೆ ಹೇಳಲು ಹೆದರಿ ಬೆಳಗಾಗಲಿ ಅಂತ ಕಾಯುತ್ತಾರೆ. ಕಾಯಬಾರದು. ಯಾಕೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಫಿಲ್ಲರ್ ಹಾಕಿಸಿಕೊಂಡರೆ ಕಣ್ಣು ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಹಾಕಿಸಿಕೊಳ್ಳುತ್ತೇನೆ ಅನ್ನುತ್ತಿದ್ದಾಳೆ. ಇದು ನಿಜವಾ, ಸುಮ್ನೆ ಹೆದರಿಸುವುದಾ? (ಒಬ್ಬ ತಾಯಿ, ತುಮಕೂರು)

ಉತ್ತರ: ನಿಜ ಅಮ್ಮ. ತೀರಾ ಅಪರೂಪ, ಆದರೆ ನಿಜ.

ನಮ್ಮ ಮುಖದಲ್ಲಿ ರಕ್ತನಾಳಗಳು ಬಲೆಯ ಹಾಗೆ ಹೆಣೆದುಕೊಂಡಿವೆ. ಮೂಗಿನ ಪಕ್ಕದ ನಾಳ, ಹುಬ್ಬಿನ ನಡುವಿನ ನಾಳ ಇವಕ್ಕೂ ಕಣ್ಣಿಗೆ ರಕ್ತ ಒಯ್ಯುವ ನಾಳಕ್ಕೂ ಒಳಗೊಳಗೇ ಸಂಬಂಧ ಇದೆ. ಸೂಜಿಯ ತುದಿ ಗೊತ್ತಾಗದೆ ನಾಳದೊಳಗೆ ಹೋಗಿ, ಅಲ್ಲಿ ಜೆಲ್ ಒತ್ತಿದರೆ ಅದು ರಕ್ತ ಬರುವ ದಿಕ್ಕಿಗೆ ಎದುರಾಗಿ ಹಿಂದಕ್ಕೆ ಹೋಗಿ ಕಣ್ಣಿನ ನಾಳದಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಕಣ್ಣಿನ ಒಳಪರದೆಗೆ ರಕ್ತ ನಿಂತರೆ ನಮಗೆ ಇರುವುದು ಒಂದು, ಒಂದೂವರೆ ಗಂಟೆ. ಅಷ್ಟರಲ್ಲಿ ಬಿಡಿಸಲು ಆಗದಿದ್ದರೆ ಹೋದ ದೃಷ್ಟಿ ವಾಪಸ್ ಬರುವುದು ಬಹಳ ಕಷ್ಟ. ಅದೇ ದಾರಿಯಲ್ಲಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಆದದ್ದೂ ಇದೆ. ಹುಬ್ಬಿನ ನಡುವೆ, ಮೂಗು, ಹಣೆ, ಮೂಗಿನಿಂದ ಬಾಯಿವರೆಗಿನ ಗೆರೆ, ಈ ಜಾಗಗಳಲ್ಲಿ ಅಪಾಯ ಜಾಸ್ತಿ. ಮೊಡವೆ ಗುಳಿ ಹೆಚ್ಚಾಗಿ ಕೆನ್ನೆಯಲ್ಲಿ ಇರುವುದರಿಂದ, ಚರ್ಮದ ಮೇಲಿನ ಪದರದಲ್ಲಿ ಹನಿ ಹನಿಯಾಗಿ ಹಾಕುವುದರಿಂದ ಅಪಾಯ ಅಷ್ಟಿಲ್ಲ. ಇಲ್ಲವೇ ಇಲ್ಲ ಅಂತ ಮಾತ್ರ ಹೇಳಲಾರೆ.

ಅದಕ್ಕಿಂತ ಹೆಚ್ಚು ಆಗುವುದು ಚರ್ಮಕ್ಕೆ ರಕ್ತ ನಿಲ್ಲುವುದು. ಮೂರು ವರ್ಷದ ಹಿಂದೆ ಒಂದು ಭಾನುವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಪರಿಚಯದವರು ಫೋನ್ ಮಾಡಿ ತಮ್ಮ ಸೊಸೆಯನ್ನು ಕರೆತಂದರು. ಅದರ ಹಿಂದಿನ ದಿನ ಮಧ್ಯಾಹ್ನ ಒಂದು ಕಡೆ ಬಾಯಿಯ ಪಕ್ಕದ ಹಳೆಯ ಗಾಯದ ಗುಳಿಗೆ ಫಿಲ್ಲರ್ ಹಾಕಿಸಿಕೊಂಡಿದ್ದಳು. ಹಾಕುವಾಗಲೇ ಸಿಕ್ಕಾಪಟ್ಟೆ ನೋವಾಯಿತಂತೆ, ಜಾಗ ಬೆಳ್ಳಗಾಯಿತಂತೆ. "ಐಸ್ ಇಡಿ, ಸರಿಹೋಗುತ್ತದೆ" ಅಂತ ಕಳಿಸಿದ್ದಾರೆ. ನಾನು ನೋಡಿದಾಗ ಮೂಗಿನ ಹೊಳ್ಳೆಯಿಂದ ಮೇಲ್ತುಟಿಯವರೆಗೆ ನೇರಳೆ ಬಣ್ಣದ ಬಲೆ ಹರಡಿದ ಹಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟೆ. ಆರೋಗ್ಯವಾದ ಚರ್ಮದಲ್ಲಿ ಒತ್ತಿ ಬಿಟ್ಟ ಕೂಡಲೇ ಕೆಂಪು ಮರಳುತ್ತದೆ. ಇಲ್ಲಿ ನಾನು ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಕೂತೆ, ಬೆಳ್ಳಗೆ ಹಾಗೇ ಇತ್ತು. ಜೆಲ್ ಕರಗಿಸುವ ಇಂಜೆಕ್ಷನ್ ಕೊಟ್ಟೆ, ಗಂಟೆಗೊಮ್ಮೆ ನೋಡಿ ಮತ್ತೆ ಕೊಟ್ಟೆ. ಬೆಳಗಿನ ಜಾವ ಬಣ್ಣ ತಿರುಗಿತು. ಆದರೂ ಹೊಳ್ಳೆಯ ಪಕ್ಕ ಒಂದು ಸಣ್ಣ ತುಣುಕು ಚರ್ಮ ಕಪ್ಪಾಗಿ ಉದುರಿ ಗುರುತು ಉಳಿಯಿತು. ಒಂದು ಗುಳಿ ಮುಚ್ಚಲು ಹೋದ ಹುಡುಗಿಗೆ ಹೊಸದೊಂದು ಗುಳಿ. ಅವಳಿಗೆ ಹಾಕಿದವರು ಡಾಕ್ಟರೋ ಅಲ್ಲವೋ ಅಂತ ಅವಳಿಗೇ ಗೊತ್ತಿರಲಿಲ್ಲ.

ಹಾಗಾಗಿ ಮಗಳಿಗೆ ಬೇಡ ಅಂತ ಜಗಳ ಆಡಬೇಡಿ. ಇವನ್ನು ಕೇಳಿಕೊಂಡು ಬಾ ಅನ್ನಿ. ಸೂಜಿ ಹಿಡಿಯುವವರು ಯಾರು, ಎಂಬಿಬಿಎಸ್ ಮೇಲೆ ಚರ್ಮರೋಗದಲ್ಲೋ ಪ್ಲಾಸ್ಟಿಕ್ ಸರ್ಜರಿಯಲ್ಲೋ ಓದಿದ್ದಾರಾ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು. ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆ ಕ್ಲಿನಿಕ್ ನೋಂದಣಿ ಆಗಿದೆಯಾ, ಪ್ರಮಾಣಪತ್ರ ಗೋಡೆಯ ಮೇಲಿದೆಯಾ. ಆಮೇಲೆ ಎಲ್ಲಕ್ಕಿಂತ ಮುಖ್ಯವಾಗಿ, ಹಯಲುರಾನಿಡೇಸ್ ಈಗ, ಇಲ್ಲೇ, ಈ ಕೋಣೆಯಲ್ಲಿ ಇದೆಯಾ, ತೋರಿಸಿ. ಜೆಲ್ಲನ್ನು ಕರಗಿಸುವ ಔಷಧಿ ಅದು. ಕಣ್ಣಿನ ಆಪರೇಷನ್‌ಗೆ ಮರಗಟ್ಟಿಸುವಾಗಲೂ ಬಳಸುತ್ತಾರೆ, ಸಿಗದ ವಸ್ತುವೇನಲ್ಲ. "ಬೇಕಾದರೆ ತರಿಸುತ್ತೇವೆ" ಅಂದರೆ ಎದ್ದು ಬರಲಿ. ಇಂಜೆಕ್ಷನ್ ಆದ ಮೇಲೆ ನೋವು ಏರುತ್ತಾ ಹೋದರೆ, ಚರ್ಮ ಬೆಳ್ಳಗಾದರೆ, ನೇರಳೆ ಬಲೆಯ ಹಾಗೆ ಕಂಡರೆ, ಕಣ್ಣು ಮಂಜಾದರೆ, ಅದೇ ಗಳಿಗೆಯಲ್ಲಿ ಹಾಕಿದ ಡಾಕ್ಟರಿಗೆ ಫೋನ್ ಮಾಡಬೇಕು. ಅವರು ಎತ್ತದಿದ್ದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ರಾತ್ರಿ ಎರಡು ಗಂಟೆಯಾದರೂ ಸರಿ.

ಪ್ರಶ್ನೆ: ನಮ್ಮ ಬ್ಯೂಟಿ ಪಾರ್ಲರ್‌ನಾಗ ಸೂಜಿ ಇಲ್ಲದ ಪೆನ್ ಬಂದೈತಿ, ನೋವಿಲ್ಲ, 4,000ಕ್ಕೆ ಫಿಲ್ಲರ್ ಹಾಕ್ತೀವಿ ಅಂತಾರ. ಸೂಜಿ ಇಲ್ಲ ಅಂದ್ಮ್ಯಾಗ ಅಪಾಯನೂ ಇಲ್ಲ ಅಲ್ರೀ? (ಹುಬ್ಬಳ್ಳಿ)

ಉತ್ತರ: ಇದೆ ರೀ, ಜಾಸ್ತಿಯೇ ಇದೆ. ಆ ಪೆನ್ನು ಒತ್ತಡದಿಂದ ಜೆಲ್ಲನ್ನು ಚರ್ಮದೊಳಕ್ಕೆ ಚಿಮ್ಮಿಸುತ್ತದೆ. ಎಷ್ಟು ಆಳಕ್ಕೆ ಹೋಯಿತು, ಎಲ್ಲಿಗೆ ಹೋಯಿತು ಅಂತ ಹಿಡಿದವರ ಕೈಗೆ ಗೊತ್ತಾಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಇಂಥ ಪೆನ್ನು ಬಳಸಬೇಡಿ ಅಂತ ಜನರಿಗೂ ವೈದ್ಯರಿಗೂ ಎಚ್ಚರಿಕೆ ಕೊಟ್ಟಿದೆ. ಗಂಟು, ನಂಜು, ಚರ್ಮಕ್ಕೆ ಹಾನಿ, ರಕ್ತನಾಳ ಕಟ್ಟಿಕೊಂಡು ಕಣ್ಣು ಹೋಗುವುದು, ಎಲ್ಲವೂ ಆ ಎಚ್ಚರಿಕೆಯಲ್ಲಿದೆ.

ಮತ್ತೆ 4,000ಕ್ಕೆ ಹೇಗೆ ಸಾಧ್ಯ ಅಂತ ಯೋಚನೆ ಮಾಡಿ. ಒಳ್ಳೆಯ ಫಿಲ್ಲರಿನ ಸಿರಿಂಜೇ ಡಾಕ್ಟರಿಗೆ ಅದಕ್ಕಿಂತ ಎಷ್ಟೋ ಜಾಸ್ತಿಗೆ ಬೀಳುತ್ತದೆ. ಒಂದೋ ಆನ್‌ಲೈನ್‌ನಲ್ಲಿ ತರಿಸಿದ, ಹೆಸರು ದಿಕ್ಕಿಲ್ಲದ ಮಾಲು. ಇಲ್ಲಾಂದರೆ ಒಂದೇ ಸಿರಿಂಜನ್ನು ಇಬ್ಬರು ಮೂವರಿಗೆ ಹಂಚುವುದು. ಸೂಜಿ ಬದಲಾಯಿಸಿದ್ದೇವೆ ಅಂದರೂ ಆಗಲ್ಲ, ಸಿರಿಂಜ್ ಒಬ್ಬರಿಗೆ ಮಾತ್ರ. ಒಬ್ಬರ ರಕ್ತದ ಸೋಂಕು ಇನ್ನೊಬ್ಬರಿಗೆ ಹೋಗಲು ಅಷ್ಟು ಸಾಕು.

ಡಾಕ್ಟರ ಹತ್ತಿರ ಹೋದಾಗಲೂ ಸೀಲ್ ಇರುವ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಡಬ್ಬಿಯ ಮೇಲೆ ಆಮದು ಮಾಡಿದವರ ವಿಳಾಸ, ಅವಧಿ ಮುಗಿಯುವ ತಾರೀಖು ನೋಡಿ. ಒಳಗೆ ಬ್ಯಾಚ್ ನಂಬರಿನ ಸಣ್ಣ ಸ್ಟಿಕ್ಕರ್ ಇರುತ್ತದೆ. ಒಂದನ್ನು ನಿಮ್ಮ ಚೀಟಿಗೆ ಅಂಟಿಸಿಕೊಡಿ ಅಂತ ಕೇಳಿ. ಮುಂದೆ ಎರಡು ವರ್ಷಕ್ಕೆ ಗಂಟು ಬಂತು ಅಂದರೆ, ಏನು ಹಾಕಿದ್ದಾರೆ ಅಂತ ಗೊತ್ತಿಲ್ಲದೆ ನಮ್ಮಂಥವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಪ್ರಶ್ನೆ: ಮಗನಿಗೆ 16 ವರ್ಷ, ಮೊಡವೆ ಇನ್ನೂ ಬರುತ್ತಿದೆ, ಗುಳಿಯೂ ಬೀಳುತ್ತಿದೆ. ಫಿಲ್ಲರ್ ಮಾಡಿಸಬಹುದೇ? (ಗೃಹಿಣಿ, ಶಿವಮೊಗ್ಗ)

ಉತ್ತರ: ಈಗ ಬೇಡ. ಛಾವಣಿ ಸೋರುತ್ತಿರುವಾಗ ಗೋಡೆಗೆ ಸುಣ್ಣ ಹೊಡೆಯುತ್ತೇವಾ? ಮೊದಲು ಮೊಡವೆ ನಿಲ್ಲಿಸಿ. ಕೆಂಪಗೆ ಬಾತ ಒಂದೊಂದು ಮೊಡವೆಯೂ ನಾಳೆಯ ಗುಳಿ ಆಗಬಹುದು, ಅದಕ್ಕೇ ವಯಸ್ಸಿನದು, ತಾನಾಗಿ ಹೋಗುತ್ತೆ ಅಂತ ಬಿಡಬೇಡಿ. ಚಿವುಟಲು ಬಿಡಬೇಡಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ, ಸ್ಟೆರಾಯ್ಡ್ ಬೆರೆತ ಬಿಳಿಯಾಗುವ ಕ್ರೀಮನ್ನು ಹಚ್ಚುತ್ತಿದ್ದರೆ ಅದನ್ನು ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದ ಹಾಗೆ ಬಿಡಿಸಿ. ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಚರ್ಮ ವಿಭಾಗ ಇದೆ, ಅಲ್ಲಿ ತೋರಿಸಲು ದೊಡ್ಡ ಖರ್ಚಿಲ್ಲ.

ಪ್ರಶ್ನೆ: ಐದು ತಿಂಗಳ ಹಿಂದೆ ಬೈಕ್ ಅಪಘಾತ ಆಗಿ ಕೆನ್ನೆಗೆ 14 ಹೊಲಿಗೆ ಬಿತ್ತು. ಈಗ ಆ ಜಾಗ ಒಳಕ್ಕೆ ಎಳೆದುಕೊಂಡಿದೆ, ನಕ್ಕರೆ ಇನ್ನೂ ಜಾಸ್ತಿ ಕಾಣುತ್ತದೆ. ಫಿಲ್ಲರ್‌ನಿಂದ ಸರಿ ಆಗುತ್ತದೆಯಾ? ಇನ್ಶೂರೆನ್ಸ್‌ನಲ್ಲಿ ಸಿಗುತ್ತದೆಯಾ? (ಶಾಲಾ ಶಿಕ್ಷಕ, ಕಲಬುರಗಿ)

ಉತ್ತರ: ಸರ್, ನಿಮ್ಮದು ಇನ್ನೂ ಹಸಿ ಗುರುತು. ಹೊಲಿಗೆಯ ಗುರುತು ಮಾಗಿ ಮೆತ್ತಗಾಗಲು ಸುಮಾರು ಒಂದು ವರ್ಷ ಬೇಕು. ಅಲ್ಲಿಯವರೆಗೆ ಸಿಲಿಕೋನ್ ಜೆಲ್ ಹಚ್ಚಿ, ದಿನಾ ಒಂದೆರಡು ಸಲ ಬೆರಳಿನಿಂದ ಒತ್ತಿ ತಿಕ್ಕಿ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ. ನಿಮ್ಮ ಊರಿನ ಬಿಸಿಲಿಗೆ ಹೊಸ ಗುರುತು ಬೇಗ ಕಪ್ಪಾಗುತ್ತದೆ.

ನಕ್ಕಾಗ ಒಳಕ್ಕೆ ಹೋಗುತ್ತದೆ ಅಂದಿರಲ್ಲ, ಅದು ಕೆಳಗಿನ ಪದರಕ್ಕೆ ಅಂಟಿಕೊಂಡಿರುವ ಲಕ್ಷಣ. ಮೇಲೆ ಹೇಳಿದ ಹತ್ತಿ ಹಾಸಿಗೆಯ ಕಥೆಯೇ. ಬರೀ ಫಿಲ್ಲರ್ ತುಂಬಿದರೆ ಗುರುತಿನ ಎರಡೂ ಬದಿ ಉಬ್ಬಿ ಇನ್ನೂ ಎದ್ದು ಕಾಣುತ್ತದೆ. ಒಂದು ವರ್ಷ ಆದ ಮೇಲೆ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಅಂಟು ಬಿಡಿಸಿ ನಿಮ್ಮದೇ ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ತೆಗೆದು ಅಲ್ಲಿ ತುಂಬುವ ವಿಧಾನ ಇದೆ. ಒಂದಷ್ಟು ಕೊಬ್ಬು ಕರಗಿಹೋದರೂ ಹಿಡಿದುಕೊಂಡದ್ದು ಬಹುಕಾಲ ಉಳಿಯುತ್ತದೆ. ಇಲ್ಲವೇ ಗುರುತನ್ನೇ ಕತ್ತರಿಸಿ ಚೆನ್ನಾಗಿ ಹೊಲಿಯಬಹುದು.

ಇನ್ಶೂರೆನ್ಸ್ ಬಗ್ಗೆ ಒಂದು ಒಳ್ಳೆಯ ಸುದ್ದಿ ಇದೆ. ಆರೋಗ್ಯ ವಿಮೆಗಳಲ್ಲಿ ಅಂದ ಹೆಚ್ಚಿಸುವ ಚಿಕಿತ್ಸೆಗೆ ಹಣ ಇಲ್ಲ, ಮೊಡವೆ ಗುಳಿಯ ಫಿಲ್ಲರ್‌ಗೆ ಖಂಡಿತ ಸಿಗುವುದಿಲ್ಲ ಅಂತಲೇ ತಿಳಿಯಿರಿ. ಆದರೆ ಅದೇ ನಿಯಮದಲ್ಲಿ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಪುನರ್‌ರಚನೆಗೆ ವಿನಾಯಿತಿ ಇದೆ. ಪಾಲಿಸಿ ಪುಸ್ತಕದಲ್ಲಿ 'ಎಕ್ಸ್‌ಕ್ಲೂಷನ್ 08' ಅಂತ ಹುಡುಕಿ ಓದಿ. ಜಿಎಸ್‌ಟಿಯಲ್ಲೂ ಹಾಗೆಯೇ, ಅಂದಕ್ಕಾಗಿ ಮಾಡುವ ಸರ್ಜರಿಗೆ ತೆರಿಗೆ ಬೀಳುತ್ತದೆ, ಗಾಯದಿಂದ ಕೆಟ್ಟದ್ದನ್ನು ಸರಿಮಾಡುವುದಕ್ಕೆ ವಿನಾಯಿತಿ ಇದೆ. ಬಿಲ್ಲಿನಲ್ಲಿ ಸುಮ್ನೆ 'ಕಾಸ್ಮೆಟಿಕ್' ಅಂತ ಬರೆದುಬಿಟ್ಟರೆ ಎರಡೂ ತಪ್ಪಿಹೋಗಬಹುದು. ಅದಕ್ಕೇ ಡಿಸ್ಚಾರ್ಜ್ ಸಮ್ಮರಿ, ಎಫ್‌ಐಆರ್ ಪ್ರತಿ, ಹೊಲಿಗೆ ಬಿಚ್ಚಿದ ದಿನದ ಫೋಟೊ ಎಲ್ಲ ಜೋಪಾನ ಮಾಡಿ. ವಿಮಾ ಕಂಪನಿಯಿಂದ ಮುಂಚೆಯೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮೋಟಾರು ಅಪಘಾತ ಪರಿಹಾರದ ಕೇಸು ನಡೆಯುತ್ತಿದ್ದರೆ, ಮುಂದೆ ಆಗಬೇಕಾದ ಚಿಕಿತ್ಸೆಗೆ ಇಷ್ಟು ಖರ್ಚು ಅಂತ ಸರ್ಜನ್ ಕೈಯಲ್ಲಿ ಬರೆಸಿ ನಿಮ್ಮ ವಕೀಲರಿಗೆ ಕೊಡಿ, ಭವಿಷ್ಯದ ವೈದ್ಯಕೀಯ ಖರ್ಚನ್ನು ಅಲ್ಲಿ ಕೇಳಲು ಅವಕಾಶ ಇದೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ಮೊಡವೆ ಗುಳಿಗೆ ಬೆಲ್ಲಾಫಿಲ್ ಅನ್ನುವ ಫಿಲ್ಲರ್ ಹೇಳುತ್ತಿದ್ದಾರೆ, ಮತ್ತೆ ಮತ್ತೆ ಹಾಕಿಸಬೇಕಿಲ್ಲವಂತೆ. ನಾವು ಸಸ್ಯಾಹಾರಿಗಳು, ಇದರಲ್ಲಿ ಪ್ರಾಣಿಯ ಅಂಶ ಏನಾದರೂ ಇದೆಯಾ?

ಉತ್ತರ: ಇದೆ. ಅದರಲ್ಲಿ ಹೆಚ್ಚಿನ ಪಾಲು ದನದ ಕೊಲಾಜೆನ್, ಅದರೊಳಗೆ ಪಿಎಂಎಂಎ ಅನ್ನುವ ಪ್ಲಾಸ್ಟಿಕ್ಕಿನ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳು. ನೀವು ಕೇಳಿದ್ದು ಒಳ್ಳೆಯದಾಯಿತು. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ, ಆಮೇಲೆ ತಿಳಿದು ಮನಸ್ಸಿಗೆ ನೋವು ಮಾಡಿಕೊಳ್ಳುತ್ತಾರೆ. ಹಯಲುರಾನಿಕ್ ಜೆಲ್ಲನ್ನು ಹಿಂದೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಬಳಕೆಯಲ್ಲಿರುವವು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ತಯಾರಾದವು.

2014ರ ಕೊನೆಯಲ್ಲಿ ಎಫ್‌ಡಿಎ ಬೆಲ್ಲಾಫಿಲ್ಲನ್ನು ಮೊಡವೆ ಗುಳಿಗೆ ಒಪ್ಪಿದ್ದು ನಿಜ. ಅದೂ 21 ವರ್ಷ ದಾಟಿದವರ ಕೆನ್ನೆಯ, ಎಳೆದರೆ ಸಮವಾಗುವ ಗುಳಿಗೆ ಮಾತ್ರ. ಕೊಲಾಜೆನ್ ಅಲರ್ಜಿ ಇದೆಯಾ ಅಂತ ನಾಲ್ಕು ವಾರ ಮುಂಚೆ ಕೈಗೆ ಪರೀಕ್ಷೆ ಮಾಡಬೇಕು. ಕೊಲಾಜೆನ್ ಕರಗುತ್ತದೆ, ಮಣಿಗಳು ಉಳಿಯುತ್ತವೆ. ಮತ್ತೆ ಮತ್ತೆ ಖರ್ಚಿಲ್ಲ ಅನ್ನುವುದು ಅದಕ್ಕೇ. ಆದರೆ ಕರಗಿಸುವ ಔಷಧಿ ಇಲ್ಲ ಅನ್ನುವುದೂ ಅದಕ್ಕೇ. ವರ್ಷಗಳ ನಂತರ ಗಂಟಾದರೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಬೇಕು, ಕೆಲವೊಮ್ಮೆ ಕತ್ತರಿಸಿ ತೆಗೆಯಬೇಕು. ನನ್ನನ್ನು ಕೇಳಿದರೆ, ಮೊದಲ ಸಲ ಹಾಕಿಸುವವರು ಕರಗುವಂಥದ್ದನ್ನೇ ಹಾಕಿಸಿ. ತಪ್ಪಾದರೆ ಹಿಂದಕ್ಕೆ ಬರಲು ದಾರಿ ಇರಬೇಕು.

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಗುಳಿಗೆ ಫಿಲ್ಲರ್ ಹಾಕಿಸಿದೆ. ಗುಳಿ ತುಂಬಿದೆ, ಆದರೆ ಆ ಜಾಗದಲ್ಲಿ ನೀಲಿ ಛಾಯೆ ಇದೆ, ಮುಟ್ಟಿದರೆ ಅವರೆಕಾಳಿನಷ್ಟು ಗಂಟು. ಹೋದ ವಾರ ಜ್ವರ ಬಂದಾಗ ಸ್ವಲ್ಪ ಬಾತಿತ್ತು. (ಮಂಗಳೂರು)

ಉತ್ತರ: ನೀಲಿ ಕಾಣುವುದು ಜೆಲ್ ತೀರಾ ಮೇಲ್ಪದರದಲ್ಲಿ ಕೂತಿದ್ದರಿಂದ. ಬೆಳಕು ಅದರ ಮೂಲಕ ಚದುರಿ ನೀಲಿಯಾಗಿ ಕಾಣುತ್ತದೆ, ನಂಜಲ್ಲ. ಹಯಲುರಾನಿಕ್ ಜೆಲ್ ಆಗಿದ್ದರೆ ಕರಗಿಸುವ ಇಂಜೆಕ್ಷನ್ ಸ್ವಲ್ಪ ಕೊಟ್ಟರೆ ಎರಡೂ ಹೋಗುತ್ತವೆ. ಜೇನುಹುಳ ಕಚ್ಚಿ ಅಲರ್ಜಿ ಆದದ್ದಿದ್ದರೆ ಅದನ್ನು ಮುಂಚೆ ಹೇಳಿ, ಈ ಔಷಧಿಗೂ ಅಲರ್ಜಿ ಆಗಬಹುದು. ಜ್ವರ, ಹಲ್ಲಿನ ಸೋಂಕು ಇದ್ದಾಗ ಹಳೆಯ ಫಿಲ್ಲರ್ ಜಾಗ ಬಾಯುವುದು ಕಂಡುಬರುತ್ತದೆ, ಹೆಚ್ಚಾಗಿ ತಾನಾಗಿ ಇಳಿಯುತ್ತದೆ. ಆದರೆ ಗಂಟು ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋವಾದರೆ ಅದು ಸೋಂಕು ಇರಬಹುದು. ತಿಕ್ಕಬೇಡಿ, ಹಿಚುಕಬೇಡಿ, ಅವತ್ತೇ ತೋರಿಸಿ.

ಪ್ರಶ್ನೆ: ಎದೆಯ ಮೇಲೆ ಗಾಯದ ಗುರುತು ಉಬ್ಬಿ ಗಟ್ಟಿಯಾಗಿದೆ, ತುರಿಕೆ. ಸುತ್ತ ಫಿಲ್ಲರ್ ಹಾಕಿ ಸಮ ಮಾಡಬಹುದೇ? (ವಿಜಯಪುರ)

ಉತ್ತರ: ಬೇಡವೇ ಬೇಡ. ಇದು ಕೀಲಾಯ್ಡ್, ಅಂದರೆ ಗಾಯದ ಜಾಗವನ್ನೂ ಮೀರಿ ಉಬ್ಬಿ ಬೆಳೆಯುವ ಗುರುತು, ಇರಬೇಕು. ಅಂಥ ಚರ್ಮಕ್ಕೆ ಸೂಜಿ ಚುಚ್ಚಿದ ಕಡೆಯೆಲ್ಲ ಹೊಸದು ಏಳಬಹುದು. ಇದನ್ನು ತಗ್ಗಿಸುವುದು ಸ್ಟೆರಾಯ್ಡ್ ಇಂಜೆಕ್ಷನ್‌ನಿಂದ, ಅದೂ ಉಬ್ಬಿದ ಭಾಗದ ಒಳಗೇ, ಕೆಲವು ವಾರಕ್ಕೊಂದು ಸಲ. ಮುಖದ ಗುಳಿಗೆ ಫಿಲ್ಲರ್ ಕೇಳಲು ಹೋಗುವವರೂ ಮೈಮೇಲೆ ಎಲ್ಲಾದರೂ ಇಂಥ ಉಬ್ಬು ಇದ್ದರೆ ಡಾಕ್ಟರಿಗೆ ಮೊದಲೇ ತೋರಿಸಿ. ರಕ್ತ ತೆಳುವಾಗುವ ಮಾತ್ರೆ, ಬಸಿರು, ಮಗುವಿಗೆ ಹಾಲು ಕುಡಿಸುತ್ತಿರುವುದು, ಮೊಡವೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆ, ಇದ್ಯಾವುದನ್ನೂ ಮುಚ್ಚಿಡಬೇಡಿ.

ಪ್ರಶ್ನೆ: ದೊಡ್ಡದೊಂದು ಮೊಡವೆ ಇಳಿಯಲಿ ಅಂತ ಅದರೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಮೊಡವೆ ಎರಡು ದಿನದಲ್ಲಿ ಹೋಯಿತು, ತಿಂಗಳಾದ ಮೇಲೆ ಅಲ್ಲಿ ಕಡಲೆಕಾಳಿನಷ್ಟು ಹಳ್ಳ. ಈಗ ಅದಕ್ಕೆ ಫಿಲ್ಲರ್ ಹಾಕಿಸು ಅನ್ನುತ್ತಿದ್ದಾರೆ, 22,000. ನಾನು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ, ಅಷ್ಟು ದುಡ್ಡಿಲ್ಲ. ದಿನಾ ಅಳು ಬರುತ್ತದೆ. (ಹಾಸನ)

ಉತ್ತರ: ಅಳಬೇಡಿ, ದುಡ್ಡೂ ಹೊಂದಿಸಬೇಡಿ. ಇದು ಮೊಡವೆ ಬಿಟ್ಟುಹೋದ ಗುಳಿ ಅಲ್ಲ. ಸ್ಟೆರಾಯ್ಡ್ ಪ್ರಮಾಣ ಸ್ವಲ್ಪ ಜಾಸ್ತಿಯಾದಾಗ ಕೆಳಗಿನ ಕೊಬ್ಬು ಕುಗ್ಗಿ ಹೀಗೆ ಆಗುತ್ತದೆ. ಬಹಳಷ್ಟು ಜನರಿಗೆ ಇದು ತಾನಾಗಿಯೇ ತುಂಬಿಕೊಳ್ಳುತ್ತದೆ. ಕೆಲವರಿಗೆ ಮೂರ್ನಾಲ್ಕು ತಿಂಗಳು, ಕೆಲವರಿಗೆ ಒಂದು ವರ್ಷ ಹಿಡಿಯುತ್ತದೆ. ಕಾಯಲು ಆಗುವುದೇ ಇಲ್ಲ ಅಂದರೆ ಆ ಜಾಗಕ್ಕೆ ಬರೀ ಸಲೈನ್ ಇಂಜೆಕ್ಷನ್ ಕೊಡುವ ಕ್ರಮವೂ ಇದೆ, ಅಗ್ಗ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಒಂದು ಬೆಳಿಗ್ಗೆ ಹೋಗಿ ತೋರಿಸಿ. ಇಂಜೆಕ್ಷನ್ ಕೊಟ್ಟ ಚೀಟಿಯನ್ನೂ ತೆಗೆದುಕೊಂಡು ಹೋಗಿ.

ಅಲ್ಲಿಯವರೆಗೆ ಕನ್ನಡಿಯಲ್ಲಿ ದಿನಾ ನೋಡಬೇಡಿ, ದಿನಾ ನೋಡಿದರೆ ಬದಲಾವಣೆ ಕಾಣುವುದಿಲ್ಲ. ತಿಂಗಳ ಮೊದಲನೇ ತಾರೀಖು, ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಕಿಟಕಿಯ ಪಕ್ಕ ನಿಂತು ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಆರು ಫೋಟೊ ಆದ ಮೇಲೆ ಸಾಲಾಗಿ ಇಟ್ಟು ನೋಡಿ, ನನಗೂ ಕಳಿಸಿ.